ಕೆರೆ, ಬಾವಿ ಮತ್ತು ಒಂದು ಗ್ಲಾಸ್ ವೈನ್: ಹಾಲುಣಿಸುವ ತಾಯಿ ಕುಡಿದರೆ ಏನಾಗುತ್ತದೆ?

ರಾತ್ರಿ ಹತ್ತೂ ಮುಕ್ಕಾಲಿಗೆ ಫೋನ್ ಬಂತು. ಚಿಕ್ಕಮ್ಮನ ಮಗಳು. ಪಿಸುಪಿಸು ದನಿ, ಹಿಂದೆ ನಲ್ಲಿಯ ಸದ್ದು. ಬಾತ್‌ರೂಮಿನಲ್ಲಿ ನಿಂತು ಮಾತಾಡುತ್ತಿದ್ದಾಳೆ ಅಂತ ಗೊತ್ತಾಯಿತು.

"ಅಕ್ಕಾ, ಬೈಬೇಡ. ಒಂದು ಗ್ಲಾಸ್ ವೈನ್ ಕುಡಿದೆ. ಪಾಪು ಈಗ ಏಳೋ ಹೊತ್ತು. ಹಾಲು ಕೊಡ್ಲಾ, ಬೇಡ್ವಾ?"

ಅವತ್ತು ಅವರ ಮದುವೆಯ ವಾರ್ಷಿಕೋತ್ಸವ. ಬೆಂಗಳೂರಿನ ಫ್ಲಾಟು, ನಾಲ್ಕು ಜನ ಗೆಳೆಯರು, ಒಳಗಿನ ಕೋಣೆಯಲ್ಲಿ ನಾಲ್ಕು ತಿಂಗಳ ಕೂಸು. ಇವಳು ಆಗಲೇ ಗೂಗಲ್ ಮಾಡಿ ಮುಗಿಸಿದ್ದಳು. ಒಂದು ಕಡೆ ‘ಏನೂ ಆಗಲ್ಲ’ ಅಂತ ಇದೆಯಂತೆ. ಇನ್ನೊಂದು ಕಡೆ ‘ಮಗುವಿನ ಮೆದುಳಿಗೇ ಪೆಟ್ಟು’ ಅಂತ. ಮತ್ತೊಂದು ಕಡೆ ‘ಹಾಲು ಹಿಂಡಿ ಚೆಲ್ಲಿಬಿಡಿ’ ಅಂತ. ಅಮ್ಮನನ್ನು ಕೇಳುವ ಹಾಗಿಲ್ಲ, ಡಾಕ್ಟರನ್ನು ಕೇಳಲು ನಾಚಿಕೆ. ನಾನು ಡಾಕ್ಟರ್ ಅಲ್ಲ, ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಆದರೂ ನಮ್ಮ ಮನೆಯ ಇಂಥ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ನನ್ನ ಹತ್ತಿರವೇ ಬರುತ್ತವೆ.

ನಾನು ಮೂರು ಮಾತು ಕೇಳಿದೆ. ಎಷ್ಟು ಕುಡಿದೆ? ಎಷ್ಟು ಹೊತ್ತಿಗೆ? ಪಾಪು ಇವತ್ತು ಯಾರ ಪಕ್ಕ ಮಲಗುತ್ತೆ? ಮೊದಲೆರಡಕ್ಕೆ ಥಟ್ ಅಂತ ಉತ್ತರ ಬಂತು. ಮೂರನೆಯದಕ್ಕೆ, "ಅದ್ಯಾಕೆ ಅಕ್ಕಾ?" ಅಂದಳು.

ಆ ‘ಅದ್ಯಾಕೆ’ಗೆ ಆಮೇಲೆ ಬರುತ್ತೇನೆ. ನನ್ನ ಪ್ರಕಾರ ಮೂರರಲ್ಲಿ ಅದೇ ದೊಡ್ಡ ಪ್ರಶ್ನೆ. ಆದರೆ ಹಾಲಿನ ವಿಷಯ ತಿಳಿಯಾಗದೆ ಅದು ಯಾರ ತಲೆಗೂ ಹೋಗುವುದಿಲ್ಲ.

ಕೆರೆ ತುಂಬಿದರೆ ಬಾವಿಯೂ ತುಂಬುತ್ತೆ

ಕೆರೆಯ ಕೆಳಗಿನ ತೋಟದಲ್ಲಿ ಬಾವಿ ಇರುವವರಿಗೆ ಇದು ಗೊತ್ತು. ಮಳೆ ಬಂದು ಕೆರೆ ತುಂಬಿತು ಅಂದರೆ ಬಾವಿಯ ನೀರೂ ಮೇಲೆ ಬರುತ್ತದೆ. ಕೆರೆ ಇಳಿದರೆ ಬಾವಿಯೂ ಇಳಿಯುತ್ತದೆ. ನಡುವೆ ಕಾಲುವೆ ಇಲ್ಲ, ಪೈಪ್ ಇಲ್ಲ. ಮಣ್ಣಿನೊಳಗೇ ನೀರು ಆ ಕಡೆ ಈ ಕಡೆ ಓಡಾಡುತ್ತದೆ.

ತಾಯಿಯ ರಕ್ತ ಕೆರೆ, ಎದೆಹಾಲು ಬಾವಿ ಅಂದುಕೊಳ್ಳಿ. ಆಲ್ಕೋಹಾಲಿನ ಕಣ ತುಂಬ ಪುಟ್ಟದು. ನೀರಿನಲ್ಲೂ ಕರಗುತ್ತದೆ, ಕೊಬ್ಬಿನ ಗೋಡೆಯನ್ನೂ ದಾಟುತ್ತದೆ. ಹಾಲು ತಯಾರಾಗುವ ಜೀವಕೋಶಗಳು ಅದನ್ನು ತಡೆಯುವುದಿಲ್ಲ. ಹಾಗಾಗಿ ರಕ್ತದಲ್ಲಿ ಎಷ್ಟು ಆಲ್ಕೋಹಾಲ್ ಇದೆಯೋ, ಸುಮಾರು ಅಷ್ಟೇ ಹಾಲಿನಲ್ಲೂ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅದು ಅತಿ ಹೆಚ್ಚಿನ ಮಟ್ಟ ಮುಟ್ಟುತ್ತದೆ. ಊಟದ ಜೊತೆ ಕುಡಿದರೆ ಒಂದರಿಂದ ಒಂದೂವರೆ ಗಂಟೆ. ಆಮೇಲೆ ಲಿವರ್ ಅದನ್ನು ಸುಡುತ್ತಾ ಹೋದ ಹಾಗೆ ರಕ್ತದಲ್ಲೂ ಇಳಿಯುತ್ತದೆ, ಹಾಲಿನಲ್ಲೂ ಇಳಿಯುತ್ತದೆ. ಯಾಕೆಂದರೆ ದಾರಿ ಎರಡೂ ಕಡೆಗೆ ಇದೆ. ಹಾಲಿಗೆ ಹೋದದ್ದು ರಕ್ತಕ್ಕೆ ವಾಪಸ್ ಬರುತ್ತದೆ.

‘ಹಿಂಡಿ ಚೆಲ್ಲು’ ಅನ್ನುವ ಸಲಹೆ ಇಲ್ಲೇ ಬಿದ್ದುಹೋಗುತ್ತದೆ. ಕೆರೆ ತುಂಬಿರುವಾಗ ಬಾವಿಗೆ ಮೋಟರ್ ಹಾಕಿ ಬತ್ತಿಸಿದರೆ ಏನಾಗುತ್ತೆ? ಮತ್ತೆ ಅದೇ ನೀರು ಬಂದು ತುಂಬುತ್ತದೆ. ರಕ್ತದಲ್ಲಿ ಆಲ್ಕೋಹಾಲ್ ಇರುವಷ್ಟು ಹೊತ್ತು ಹೊಸದಾಗಿ ಬರುವ ಹಾಲಿನಲ್ಲೂ ಅದು ಇದ್ದೇ ಇರುತ್ತದೆ. ಹಿಂಡುವುದರಿಂದ ಒಂದು ನಿಮಿಷವೂ ಬೇಗ ಆಗುವುದಿಲ್ಲ. ನೀರು ಜಾಸ್ತಿ ಕುಡಿದರೂ ಅಷ್ಟೇ. ಸ್ಟ್ರಾಂಗ್ ಕಾಫಿ, ನಿಂಬೆಹಣ್ಣಿನ ಪಾನಕ, ತಣ್ಣೀರ ಸ್ನಾನ, ಯಾವುದಕ್ಕೂ ಲಿವರ್ ಜಗ್ಗುವುದಿಲ್ಲ.

ಹಾಗಂತ ಹಿಂಡುವುದೇ ಬೇಡ ಅಂತಲ್ಲ. ಎದೆ ಬಿಗಿದು ಕಲ್ಲಾಗಿ ನೋವು ಬಂದರೆ ಹಿಂಡಲೇಬೇಕು, ಇಲ್ಲದಿದ್ದರೆ ಗಡ್ಡೆ ಕಟ್ಟುತ್ತದೆ, ಹಾಲೂ ಕಡಿಮೆಯಾಗುತ್ತಾ ಹೋಗುತ್ತದೆ. ಆದರೆ ಹಾಗೆ ಹಿಂಡಿದ್ದನ್ನು ಫ್ರಿಜ್‌ನಲ್ಲಿ ಎತ್ತಿಡಬೇಡಿ. ಎದೆಯೊಳಗಿನ ಹಾಲಿನಿಂದ ಆಲ್ಕೋಹಾಲ್ ರಕ್ತಕ್ಕೆ ಮರಳಬಹುದು. ಬಾಟಲಿಗೆ ಬಂದದ್ದಕ್ಕೆ ವಾಪಸ್ ಹೋಗುವ ದಾರಿ ಇಲ್ಲ. ಕೊಡಕ್ಕೆ ತುಂಬಿದ ನೀರು ಬಾವಿಗೆ ತಾನಾಗಿ ಮರಳುತ್ತದೆಯೇ?

ಒಂದು ಗ್ಲಾಸ್ ಅಂದರೆ ಎಷ್ಟು?

ಮಾತಿನಲ್ಲಿ ‘ಒಂದು’ ಅನ್ನುವುದು ಬಲು ಮೋಸದ ಲೆಕ್ಕ. ಒಂದು ಪೆಗ್ಗೂ ಒಂದೇ, ಒಂದು ಬಾಟಲಿಯೂ ಒಂದೇ. ಅಮೆರಿಕದ ಆರೋಗ್ಯ ಇಲಾಖೆಗಳು ‘ಒಂದು ಡ್ರಿಂಕ್’ ಅಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್ ಅಂತ ಲೆಕ್ಕ ಹಿಡಿಯುತ್ತವೆ. ಆಸ್ಟ್ರೇಲಿಯದಲ್ಲಿ ಅದೇ 10 ಗ್ರಾಂ. ಇಂಟರ್ನೆಟ್ಟಿನಲ್ಲಿ ಓದುವ ಸಲಹೆಯ ಹಿಂದೆ ಯಾವ ದೇಶದ ‘ಒಂದು’ ಇದೆ ಅಂತ ಯಾರೂ ನೋಡುವುದಿಲ್ಲ.

ನಮ್ಮ ಬಾಟಲಿಗಳ ಲೆಕ್ಕ ಹಾಕೋಣ. ನಮ್ಮಲ್ಲಿನ ವಿಸ್ಕಿ, ಬ್ರಾಂಡಿ, ರಮ್ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಶೇ. 42.8 ಅಂತ ಇರುತ್ತದೆ. ಅಂದರೆ 30 ಮಿ.ಲೀ.ನ ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್. 60 ಮಿ.ಲೀ.ನ ದೊಡ್ಡ ಪೆಗ್ಗಿನಲ್ಲಿ 20. 180ರ ಕ್ವಾರ್ಟರಿನಲ್ಲಿ 60 ಗ್ರಾಂ ದಾಟುತ್ತದೆ. ಶೇ. 5ರ ಬಿಯರಿನ 330 ಮಿ.ಲೀ. ಪಿಂಟ್ ಆದರೆ 13 ಗ್ರಾಂ. ‘ಬಿಯರ್ ತಾನೇ’ ಅಂತ ಎತ್ತುವ 650 ಮಿ.ಲೀ.ನ ಸ್ಟ್ರಾಂಗ್ ಬಾಟಲಿ ಶೇ. 8ರದ್ದಾಗಿದ್ದರೆ 41 ಗ್ರಾಂ, ಅಂದರೆ ಎರಡು ದೊಡ್ಡ ಪೆಗ್ಗಿನಷ್ಟು! ವೈನ್ 150 ಮಿ.ಲೀ.ಗೆ ಸುಮಾರು 15 ಗ್ರಾಂ.

"ಗ್ಲಾಸ್ ಎಷ್ಟು ದೊಡ್ಡದು ಕಣೇ?" ಅಂತ ತಂಗಿಯನ್ನು ಕೇಳಿದೆ. ಪುಣ್ಯಕ್ಕೆ ಬಾಟಲಿ ಹಿಡಿದು ಅಳೆಯುವ ಗೆಳತಿ ಅವಳದು. ಒಂದು ಬಾಟಲಿಯಲ್ಲಿ ಐದು ಗ್ಲಾಸ್ ಬಂದಿತ್ತಂತೆ. ಅಂದರೆ 150.

ಇದನ್ನು ಸುಡಲು ಎಷ್ಟು ಹೊತ್ತು ಬೇಕು? ಹೆಂಗಸಿನ ಲಿವರ್ ಗಂಟೆಗೆ ಹೆಚ್ಚುಕಡಿಮೆ 7 ಗ್ರಾಂ ಸುಡುತ್ತದೆ ಅಂತ ಇಟ್ಟುಕೊಳ್ಳಿ. ತೂಕ, ಊಟ, ಮೈ ಜಾಯಮಾನ ನೋಡಿಕೊಂಡು ಇದು ಹಿಂದೆ ಮುಂದೆ ಆಗುತ್ತದೆ. ಒಂದು ಗ್ಲಾಸ್ ವೈನಿಗೆ ಎರಡು ಗಂಟೆ ಚಿಲ್ಲರೆ. ದೊಡ್ಡ ಪೆಗ್ಗಿಗೆ ಮೂರು ಗಂಟೆ. ಆ ಸ್ಟ್ರಾಂಗ್ ಬಿಯರಿಗೆ ಸುಮಾರು ಆರು ಗಂಟೆ. ಕುಡಿತ ಒಂದರ ಮೇಲೊಂದು ಬಿದ್ದರೆ ಗಂಟೆಗಳೂ ಒಂದರ ಮೇಲೊಂದು ಕೂಡುತ್ತವೆ. ಲಿವರ್ ಎರಡು ಸಾಲು ಮಾಡುವುದಿಲ್ಲ, ರೇಷನ್ ಅಂಗಡಿಯ ಹಾಗೆ ಒಂದೇ ಸಾಲು.

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಾತು ಹೀಗಿದೆ: ಹಾಲುಣಿಸುವ ತಾಯಿ ಕುಡಿಯದಿರುವುದೇ ಎಲ್ಲಕ್ಕಿಂತ ಸುರಕ್ಷಿತ. ದಿನಕ್ಕೆ ಒಂದು ಡ್ರಿಂಕಿನ ಒಳಗಿದ್ದು, ಆಮೇಲೆ ಕನಿಷ್ಠ ಎರಡು ಗಂಟೆ ಬಿಟ್ಟು ಹಾಲು ಕೊಟ್ಟರೆ ಮಗುವಿಗೆ ತೊಂದರೆಯಾದದ್ದು ಕಂಡುಬಂದಿಲ್ಲ. ಹಾಗಂತ ಇದನ್ನು ದಿನಕ್ಕೊಂದು ಕುಡಿಯಲು ಸಿಕ್ಕ ಪರ್ಮಿಟ್ ಅಂತ ಓದಬೇಡಿ. ತಾಯಿಯ ಸ್ವಂತ ಆರೋಗ್ಯದ ಮಾತಿಗೆ ಬಂದರೆ, ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿ ಹೇಳಿದೆ.

ಪಾಪುವಿನ ಪಾಲಿಗೆ ಬರುವುದೆಷ್ಟು?

ನನ್ನ ತಂಗಿಯದೇ ಲೆಕ್ಕ ತೆಗೆದುಕೊಳ್ಳೋಣ. ಅರವತ್ತು ಕೆ.ಜಿ. ಮೈ. ಒಂದು ಗ್ಲಾಸ್ ವೈನ್ ಕುಡಿದು, ರಕ್ತದಲ್ಲಿ ಅತಿ ಹೆಚ್ಚು ಇರುವ ಹೊತ್ತಿನಲ್ಲಿ, 100 ಮಿ.ಲೀ.ಗೆ 40 ಮಿ.ಗ್ರಾಂ ಆಲ್ಕೋಹಾಲ್ ಇದೆ ಅನ್ನಿ. ಸ್ವಲ್ಪ ಧಾರಾಳವಾಗಿಯೇ ಹಿಡಿದ ಲೆಕ್ಕ ಇದು. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಇರುವ ಮಿತಿ 30 ಮಿ.ಗ್ರಾಂ, ಹಾಗಾಗಿ ಆ ಹೊತ್ತಿನಲ್ಲಿ ಪೊಲೀಸರು ಊದಿಸಿದರೆ ಅವಳು ಸಿಕ್ಕಿಬೀಳುತ್ತಾಳೆ. ಸರಿಯಾಗಿ ಆಗಲೇ ಪಾಪು 120 ಮಿ.ಲೀ. ಹಾಲು ಕುಡಿಯಿತು ಅಂದರೆ ಅದರ ಹೊಟ್ಟೆಗೆ ಹೋಗುವುದು 48 ಮಿ.ಗ್ರಾಂ. ವಿಸ್ಕಿಯ ಅಳತೆಯಲ್ಲಿ ಹೇಳಿದರೆ ಮೂರು ಹನಿ. ಆರು ಕೆ.ಜಿ. ಕೂಸಿನ ಮೈಯಲ್ಲಿ ಅದು ಹರಡಿಕೊಂಡಾಗ ಪಾಪುವಿನ ರಕ್ತದಲ್ಲಿ ಬರುವುದು 100 ಮಿ.ಲೀ.ಗೆ 1 ಮಿ.ಗ್ರಾಂ ಚಿಲ್ಲರೆ. ತಾಯಿಯದರ ಮೂವತ್ತನೇ ಒಂದು ಪಾಲು.

‘ಕುಡಿದ ತಾಯಿಯ ಹಾಲು ಕುಡಿದರೆ ಮಗುವಿಗೂ ನಶೆ ಏರುತ್ತೆ’ ಅನ್ನುವುದು ಒಂದು ಗ್ಲಾಸಿನ ಮಟ್ಟಿಗೆ ಸುಳ್ಳು ಅನ್ನಲು ಈ ಲೆಕ್ಕ ಸಾಕು. ಬಸುರಿನಲ್ಲಿ ಕುಡಿಯುವುದಕ್ಕೂ ಹಾಲುಣಿಸುವಾಗ ಕುಡಿಯುವುದಕ್ಕೂ ಇರುವ ದೊಡ್ಡ ವ್ಯತ್ಯಾಸವೂ ಇದೇ. ಹೊಟ್ಟೆಯಲ್ಲಿರುವ ಮಗುವಿಗೆ ತಾಯಿಯ ರಕ್ತದಲ್ಲಿ ಇರುವಷ್ಟೇ ಆಲ್ಕೋಹಾಲ್ ತಲುಪುತ್ತದೆ, ಹಾಲಿನ ಹಾಗೆ ತೆಳುವಾಗುವ ಅವಕಾಶವೇ ಇಲ್ಲ. ಬಸುರಿಯ ಕುಡಿತದಿಂದ ಮಗುವಿಗೆ ಹುಟ್ಟುವಾಗಲೇ ಬರುವ ದೋಷಗಳಿಗೆ 1973ರಲ್ಲಿ ಅಮೆರಿಕದ ಸಿಯಾಟಲ್‌ನ ವೈದ್ಯರು ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಅಂತ ಹೆಸರಿಟ್ಟರು. ಬಸುರಿಯರಿಗೆ ‘ಒಂದು ಪರವಾಗಿಲ್ಲ’ ಅನ್ನುವ ಮಾತೇ ಇಲ್ಲ. ಇಲ್ಲಿ ಹೇಳುವ ಯಾವ ಲೆಕ್ಕವನ್ನೂ ಅಲ್ಲಿಗೆ ಎಳೆಯಬೇಡಿ.

ಆದರೆ ಮೂರು ಹನಿ ಅಂದಮಾತ್ರಕ್ಕೆ ಸೊನ್ನೆ ಅಲ್ಲ. ಎಳೆಗೂಸಿನ ಲಿವರ್ ಇನ್ನೂ ಕೆಲಸ ಕಲಿಯುತ್ತಿರುತ್ತದೆ. ಮೂರು ತಿಂಗಳ ಒಳಗಿನ ಮಗು ಆಲ್ಕೋಹಾಲನ್ನು ದೊಡ್ಡವರ ಅರ್ಧ ವೇಗದಲ್ಲಷ್ಟೇ ಸುಡುತ್ತದೆ. ತಿಂಗಳು ತುಂಬದೆ ಹುಟ್ಟಿದವು ಇನ್ನೂ ನಿಧಾನ. ಅದರ ಮೇಲೆ, ಹಸುಗೂಸು ಎರಡು ಗಂಟೆಗೊಮ್ಮೆ ಹಾಲು ಕೇಳುತ್ತದೆ. ಎರಡು ಗಂಟೆ ಕಾಯಿರಿ ಅಂದರೆ ಕಾಯುವುದೆಲ್ಲಿ? ಅದಕ್ಕೇ ಮೊದಲ ಮೂರು ತಿಂಗಳು ಬೇಡವೇ ಬೇಡ ಅನ್ನುವುದು ನನ್ನ ಪಕ್ಷ.

ಒಂದಿಷ್ಟು ಪ್ರಯೋಗಗಳೂ ಆಗಿವೆ. ಅಮೆರಿಕದ ಫಿಲಡೆಲ್ಫಿಯಾದ ಮೋನೆಲ್ ಸಂಶೋಧನಾ ಕೇಂದ್ರದಲ್ಲಿ ಜೂಲಿ ಮೆನೆಲ್ಲಾ ಅನ್ನುವ ವಿಜ್ಞಾನಿ ವರ್ಷಗಟ್ಟಲೆ ಇದನ್ನೇ ನೋಡಿದವರು. ಕಿತ್ತಳೆ ರಸದಲ್ಲಿ ಸ್ವಲ್ಪ ಆಲ್ಕೋಹಾಲ್ ಬೆರೆಸಿ ತಾಯಂದಿರಿಗೆ ಕುಡಿಸಿ, ಆಮೇಲೆ ಮಕ್ಕಳನ್ನು ಗಮನಿಸಿದರು. 1991ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಹಾಲಿನ ವಾಸನೆಯೇ ಬದಲಾಗಿತ್ತು. ಮಕ್ಕಳು ಎದೆ ಬಿಡಲಿಲ್ಲ, ಚೀಪುವುದೇನೋ ಚೀಪಿದವು. ಆದರೆ ಮುಂದಿನ ಮೂರು ನಾಲ್ಕು ಗಂಟೆಯಲ್ಲಿ ಒಟ್ಟು ಕುಡಿದ ಹಾಲು ಸುಮಾರು ಐದನೇ ಒಂದು ಪಾಲು ಕಡಿಮೆ. 1998ರ ಇನ್ನೊಂದು ಪ್ರಯೋಗದಲ್ಲಿ ನಿದ್ದೆ ಅಳೆದರು. ಆಲ್ಕೋಹಾಲ್ ಬೆರೆತ ಎದೆಹಾಲು ಕುಡಿದ ಮಕ್ಕಳು ಮೂರೂವರೆ ಗಂಟೆಯಲ್ಲಿ ಸುಮಾರು 57 ನಿಮಿಷ ಮಲಗಿದವು. ಬರೀ ಹಾಲು ಕುಡಿದ ದಿನ ಅವೇ ಮಕ್ಕಳು 78 ನಿಮಿಷ ಮಲಗಿದ್ದವು. ‘ತಾಯಿ ಒಂದು ಗುಟುಕು ಹಾಕಿಕೊಂಡರೆ ಮಗು ಚೆನ್ನಾಗಿ ಮಲಗುತ್ತೆ’ ಅನ್ನುವವರು ಈ ಎರಡು ಅಂಕಿ ನೆನಪಿಟ್ಟುಕೊಂಡರೆ ಸಾಕು.

ವರ್ಷಗಳ ಮೇಲೆ ಏನಾಗುತ್ತೆ ಅನ್ನುವುದಕ್ಕೆ ಉತ್ತರ ಇಷ್ಟು ಸಲೀಸಲ್ಲ. 1989ರಲ್ಲಿ ಅಮೆರಿಕದಲ್ಲಿ 400 ಮಕ್ಕಳನ್ನು ನೋಡಿದಾಗ, ದಿನಾ ಕುಡಿಯುವ ತಾಯಂದಿರ ಮಕ್ಕಳು ಒಂದು ವರ್ಷದ ಹೊತ್ತಿಗೆ ಕೈಕಾಲಿನ ಹಿಡಿತದಲ್ಲಿ ಕೊಂಚ ಹಿಂದಿದ್ದರು. ಆ ಅಧ್ಯಯನದ ಮುಖ್ಯ ಸಂಶೋಧಕಿಯೇ 2002ರಲ್ಲಿ ಒಂದೂವರೆ ವರ್ಷದ ಬೇರೆ ಮಕ್ಕಳನ್ನು ನೋಡಿದಾಗ ಆ ವ್ಯತ್ಯಾಸ ಸಿಗಲಿಲ್ಲ. ಅಪರೂಪಕ್ಕೆ ಒಂದು ಗ್ಲಾಸ್ ಬೇರೆ, ದಿನಾ ಎರಡು ಮೂರು ಬೇರೆ. ಹಾಲು ಕುಡಿಯುವ ಮಗುವಿನ ತೂಕ, ಬೆಳವಣಿಗೆ ಕೆಡುವುದು ಈ ಎರಡನೆಯ ಜಾತಿಯ ಕುಡಿತದಿಂದ.

‘ಬಿಯರ್ ಕುಡಿದ್ರೆ ಹಾಲು ಜಾಸ್ತಿ’

ಈ ನಂಬಿಕೆ ನಮ್ಮಲ್ಲಿ ಮಾತ್ರ ಇಲ್ಲ. ಮೆಕ್ಸಿಕೋದಲ್ಲಿ ಭೂತಾಳೆ ಜಾತಿಯ ಗಿಡದಿಂದ ಇಳಿಸುವ ಪುಲ್ಕೆ ಅನ್ನುವ ಹೆಂಡವನ್ನು ಬಾಣಂತಿಯರಿಗೆ ಕೊಡುತ್ತಿದ್ದರು. ಅಮೆರಿಕದ ದೊಡ್ಡ ಬಿಯರ್ ಕಂಪನಿಯೊಂದು 1895ರಲ್ಲಿ ‘ಮಾಲ್ಟ್ ನ್ಯೂಟ್ರಿನ್’ ಅಂತ ಹೆಸರಿಟ್ಟು ಹಾಲುಣಿಸುವ ತಾಯಂದಿರಿಗೆ ಟಾನಿಕ್ ಅಂತಲೇ ಮಾರಿತು.

ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಹಾಲಿಗೆ ಸಂಬಂಧಪಟ್ಟ ಎರಡು ಹಾರ್ಮೋನುಗಳಿವೆ. ಪ್ರೊಲ್ಯಾಕ್ಟಿನ್ ಹಾಲು ತಯಾರಿಸುತ್ತದೆ. ಆಕ್ಸಿಟೋಸಿನ್ ಅದನ್ನು ಇಳಿಸುತ್ತದೆ. ಕರು ಬಿಟ್ಟ ಕೂಡಲೇ ಹಸುವಿನ ಕೆಚ್ಚಲಿಗೆ ಹಾಲು ಇಳಿಯುತ್ತದಲ್ಲ, ಆ ಕೆಲಸ ಆಕ್ಸಿಟೋಸಿನ್‌ದು. ಮೆನೆಲ್ಲಾ ಮತ್ತವರ ಜೊತೆಗಾರರು 2005ರಲ್ಲಿ ತೋರಿಸಿದ್ದು ಇದು: ಆಲ್ಕೋಹಾಲ್ ಹೊಟ್ಟೆಗೆ ಹೋದ ಮೇಲೆ ಪ್ರೊಲ್ಯಾಕ್ಟಿನ್ ಏರುತ್ತದೆ, ಆಕ್ಸಿಟೋಸಿನ್ ಇಳಿಯುತ್ತದೆ. ಅಂದರೆ ಎದೆ ತುಂಬಿದ ಹಾಗೆ ಅನ್ನಿಸುತ್ತದೆ, ಆದರೆ ಹಾಲು ಹೊರಗೆ ಬರುವುದು ಕಡಿಮೆ. ತಾಯಿಗೆ ‘ಅಬ್ಬಾ, ಎಷ್ಟು ಹಾಲು’ ಅನ್ನಿಸುತ್ತದೆ. ಮಗುವಿಗೆ ಸಿಗುವುದು ಮಾತ್ರ ಮೊದಲಿಗಿಂತ ಕಡಿಮೆ. ಬಿಗಿತವನ್ನೇ ಹೆಚ್ಚಳ ಅಂದುಕೊಂಡರು, ಅಷ್ಟೇ.

ಇನ್ನು ನಮ್ಮದೇ ಮನೆಯ ಮಾತು. ನನ್ನ ಬಾಣಂತನ ತೀರ್ಥಹಳ್ಳಿಯ ತವರಿನಲ್ಲಿ ಆಯಿತು. ಎರೆದುಕೊಂಡು ಬಂದು, ತಲೆಗೆ ಬಟ್ಟೆ ಕಟ್ಟಿ, ಕೆಂಡದ ಕಾವಿಗೆ ಕೂತಾಗ ಅಮ್ಮ ಒಂದು ಪುಟ್ಟ ಲೋಟ ಹಿಡಿದು ಬರುತ್ತಿದ್ದಳು. ದಶಮೂಲಾರಿಷ್ಟ. ಸಿಹಿ, ಕಹಿ, ಒಗರು ಎಲ್ಲ ಸೇರಿ ಗಂಟಲಲ್ಲಿ ಬೆಚ್ಚಗೆ ಇಳಿಯುವ ಕಂದು ಬಣ್ಣದ ಕಷಾಯ. ಒಂದು ದಿನ ಬಾಟಲಿ ತಿರುಗಿಸಿ ಓದಿದೆ. ಸಣ್ಣ ಅಕ್ಷರದಲ್ಲಿ ‘ತಾನಾಗಿ ಉಂಟಾದ ಆಲ್ಕೋಹಾಲ್’ ಅಂತ ಇತ್ತು! ಅರಿಷ್ಟ ಅಂದರೇ ಹುದುಗಿಸಿದ ಕಷಾಯ. ಬೆಲ್ಲ ಹಾಕಿ, ಧಾತಕಿ ಹೂವು ಹಾಕಿ, ಮುಚ್ಚಿಟ್ಟು ಹುದುಗಿಸುತ್ತಾರೆ. ಸಾಮಾನ್ಯವಾಗಿ ಶೇ. 5ರಿಂದ 10ರವರೆಗೆ ಆಲ್ಕೋಹಾಲ್ ಇರುತ್ತದೆ. ಬಿಯರಿಗೆ ಸಮ, ಕೆಲವೊಮ್ಮೆ ಮೇಲೇ. ಜೀವಮಾನದಲ್ಲಿ ಒಂದು ಹನಿ ಮುಟ್ಟದ ಅಮ್ಮ ನನಗೆ ದಿನಕ್ಕೆರಡು ಸಲ ಕುಡಿಸುತ್ತಿದ್ದಳು ಅಂತ ಹೇಳಿದಾಗ ಅವಳ ಮುಖ ನೋಡಬೇಕಿತ್ತು.

ಗಾಬರಿ ಬೀಳಬೇಕಾಗಿಲ್ಲ. 20 ಮಿ.ಲೀ. ಅರಿಷ್ಟದಲ್ಲಿ ಹೆಚ್ಚುಕಡಿಮೆ ಒಂದೂಕಾಲು ಗ್ರಾಂ ಆಲ್ಕೋಹಾಲ್, ಸಣ್ಣ ಪೆಗ್ಗಿನ ಎಂಟನೇ ಒಂದು ಪಾಲು. ಆದರೆ ಅಳತೆ ಮೀರಿ ಕುಡಿಯುವ ಪಾನಕ ಅದಲ್ಲ, ಮತ್ತು ಬಾಣಂತಿಗೆ ಏನು ಕೊಡುತ್ತಿದ್ದೀರಿ ಅನ್ನುವುದು ಡಾಕ್ಟರಿಗೆ ಗೊತ್ತಿರಲಿ. ಹೋಮಿಯೋಪಥಿಯ ಟಿಂಕ್ಚರ್‌ಗಳದೂ, ಕೆಲವು ಕೆಮ್ಮಿನ ಸಿರಪ್‌ಗಳದೂ ಇದೇ ಕಥೆ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಅಭ್ಯಾಸದ ಮೇಲೆ. ನೆಗಡಿ ಆಯ್ತು, ಶೀತ ಹಿಡಿಯಿತು ಅಂತ ಕೂಸಿಗೇ ಬ್ರಾಂಡಿ ನೆಕ್ಕಿಸುವುದು. ‘ಒಂದು ಚಮಚ ಅಷ್ಟೇ’ ಅನ್ನುತ್ತಾರೆ. ಐದು ಮಿ.ಲೀ. ಬ್ರಾಂಡಿಯಲ್ಲಿ 1.7 ಗ್ರಾಂ ಆಲ್ಕೋಹಾಲ್ ಇದೆ. ಒಂದು ಗ್ಲಾಸ್ ವೈನ್ ಕುಡಿದ ತಾಯಿಯ ಹಾಲಿನಿಂದ ಬರುವುದಕ್ಕಿಂತ ಮೂವತ್ತೈದು ಪಟ್ಟು! ಅದೇ ಆರು ಕೆ.ಜಿ. ಮಗುವಿನ ರಕ್ತದಲ್ಲಿ ಅದು 100 ಮಿ.ಲೀ.ಗೆ 45 ಮಿ.ಗ್ರಾಂ ಹತ್ತಿರ ಮುಟ್ಟಬಹುದು. ಗಾಡಿ ಓಡಿಸುವವರ ಮಿತಿಯನ್ನೂ ದಾಟಿತು, ಅಲ್ವಾ? ಮಕ್ಕಳಲ್ಲಿ ಆಲ್ಕೋಹಾಲ್ ರಕ್ತದ ಸಕ್ಕರೆಯನ್ನು ಧಸಕ್ಕನೆ ಇಳಿಸಿಬಿಡುತ್ತದೆ, ಫಿಟ್ಸ್ ಕೂಡ ಬರಬಹುದು. ತಾಯಿಯ ಒಂದು ಗ್ಲಾಸಿಗೆ ಊರೆಲ್ಲ ಮಾತಾಡುವ ನಾವು ಈ ಚಮಚಕ್ಕೆ ‘ಮನೆಮದ್ದು’ ಅಂತ ಹೆಸರಿಟ್ಟಿದ್ದೇವೆ.

ಮೂರನೆಯ ಪ್ರಶ್ನೆ

ಈಗ ಆ ‘ಅದ್ಯಾಕೆ’ಗೆ ಬರೋಣ.

"ಪಾಪು ಎಲ್ಲಿ ಮಲಗುತ್ತೆ?" ಅಂತ ಮತ್ತೆ ಕೇಳಿದೆ.

"ನಮ್ಮಿಬ್ಬರ ನಡುವೆ."

"ನಿಮ್ಮ ಯಜಮಾನ್ರು ಎಷ್ಟು ಹಾಕಿದ್ದಾರೆ?"

ಸ್ವಲ್ಪ ಹೊತ್ತು ಬರೀ ನಲ್ಲಿಯ ಸದ್ದು. "ಮೂರಾಗಿರಬೇಕು. ದೊಡ್ಡದು."

ಅಲ್ಲಿದೆ ನೋಡಿ ಅಪಾಯ. ಹಾಲಿನ ಮೂರು ಹನಿಯ ಬಗ್ಗೆ ಬಾತ್‌ರೂಮಿನಲ್ಲಿ ನಿಂತು ಇವಳು ನಡುಗುತ್ತಿದ್ದಾಳೆ. ಅರವತ್ತು ಗ್ರಾಂ ಆಲ್ಕೋಹಾಲ್ ಕುಡಿದ ಎಂಬತ್ತು ಕೆ.ಜಿ. ಮನುಷ್ಯ ಮಗುವಿನಿಂದ ಒಂದು ಗೇಣು ದೂರದಲ್ಲಿ ಮಲಗಲಿದ್ದಾನೆ. ಅದರ ಬಗ್ಗೆ ಯಾರೂ ಯೋಚಿಸಿಲ್ಲ, ಅವನೂ ಯೋಚಿಸಿಲ್ಲ.

ನಮ್ಮಲ್ಲಿ ಮಗು ತಾಯಿಯ ಮಗ್ಗುಲಲ್ಲೇ ಮಲಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ರಾತ್ರಿ ಹಾಲು ಕೊಡಲು ಸಲೀಸು, ತಾಯಿ ಅರೆನಿದ್ದೆಯಲ್ಲೂ ಮಗುವಿನ ಉಸಿರು ಕೇಳಿಸಿಕೊಳ್ಳುತ್ತಿರುತ್ತಾಳೆ, ಸಣ್ಣ ಕೊಸರಾಟಕ್ಕೂ ಎಚ್ಚರಾಗುತ್ತಾಳೆ. ಆಲ್ಕೋಹಾಲ್ ಕೆಡಿಸುವುದೇ ಆ ಎಚ್ಚರವನ್ನು. ಕುಡಿದವರ ನಿದ್ದೆ ಮೊದಲ ಕೆಲವು ಗಂಟೆ ಗಾಢವಾಗಿರುತ್ತದೆ. ಕೈ ಮಗುವಿನ ಮೇಲೆ ಬಿದ್ದರೂ ಗೊತ್ತಾಗುವುದಿಲ್ಲ, ಹೊದಿಕೆ ಮುಖದ ಮೇಲೆ ಬಂದರೂ ಗೊತ್ತಾಗುವುದಿಲ್ಲ. ಮಲಗಿದಲ್ಲೇ ಶಿಶುಗಳು ಸಾಯುವ ಪ್ರಕರಣಗಳನ್ನು ಇಂಗ್ಲೆಂಡಿನಲ್ಲಿ ಅಧ್ಯಯನ ಮಾಡಿದವರು 2009ರಲ್ಲಿ ಬರೆದದ್ದರಲ್ಲಿ ಎದ್ದು ಕಂಡ ಸಂಗತಿ ಇದೇ: ಕುಡಿದೋ ಮತ್ತಿನ ಔಷಧಿ ತೆಗೆದುಕೊಂಡೋ ಮಗುವಿನ ಪಕ್ಕ ಮಲಗುವುದು, ಮತ್ತೆ ಮಗುವನ್ನು ಎದೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ನಿದ್ದೆ ಹೋಗುವುದು. ಮೊದಲ ಮೂರು ನಾಲ್ಕು ತಿಂಗಳ ಮಕ್ಕಳಿಗೆ ಅಪಾಯ ಇನ್ನೂ ಜಾಸ್ತಿ.

ನಮ್ಮ ದೇಶದ ಅಂಕಿಯನ್ನೂ ನೋಡಿ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹದಿನೈದು ದಾಟಿದ ಹೆಂಗಸರಲ್ಲಿ ಕುಡಿಯುವವರು ನೂರಕ್ಕೆ ಒಬ್ಬರು. ಗಂಡಸರಲ್ಲಿ ಹತ್ತೊಂಬತ್ತು. ಹಾಗಾದರೆ ಕೂಸಿನ ಹಾಸಿಗೆಯ ಹತ್ತಿರ ಬರುವ ಕುಡಿತ ಬಹುಪಾಲು ಯಾರದು? ‘ಹಾಲುಣಿಸುವಾಗ ಕುಡಿತ’ ಅಂತ ತಲೆಬರಹ ಕೊಟ್ಟ ಕೂಡಲೇ ಎಲ್ಲರೂ ತಾಯಿಯ ಕಡೆ ತಿರುಗುತ್ತೇವೆ. ಮಗುವಿನ ಮನೆಯಲ್ಲಿ ಕುಡಿತ ಅಂತ ಕೇಳಿಕೊಂಡರೆ ಪ್ರಶ್ನೆ ಸರಿಯಾದ ದಿಕ್ಕಿಗೆ ಹೋಗುತ್ತದೆ.

ಹಾಗಾಗಿ ಅಪ್ಪ ಕುಡಿದಿದ್ದರೆ ಅಪ್ಪ ಬೇರೆ ಕಡೆ ಮಲಗಬೇಕು, ನಶೆಯಲ್ಲಿ ಮಗುವನ್ನು ಎತ್ತಿಕೊಳ್ಳಬಾರದು, ಎಣ್ಣೆಸ್ನಾನ ಮಾಡಿಸಿದ ಮಗುವನ್ನಂತೂ ಮುಟ್ಟಲೇಬಾರದು, ಜಾರುತ್ತದೆ. ಅಮ್ಮ ಕುಡಿದಿದ್ದರೆ ಆ ರಾತ್ರಿ ಮಗು ತೊಟ್ಟಿಲಲ್ಲಿ ಮಲಗಲಿ. ಅಜ್ಜಿಯೋ ಚಿಕ್ಕಮ್ಮನೋ ಮನೆಯಲ್ಲಿದ್ದರೆ ಅವರು ಎಚ್ಚರವಿದ್ದು ನೋಡಿಕೊಳ್ಳಲಿ. ಇಬ್ಬರೂ ಒಟ್ಟಿಗೆ ಕುಡಿಯುವ ರಾತ್ರಿ ಮಗುವಿರುವ ಮನೆಯಲ್ಲಿ ಇರಲೇಬಾರದು. ಒಬ್ಬರಾದರೂ ಪೂರ್ತಿ ಎಚ್ಚರ ಇರಬೇಕು.

ಪೂರ್ವಯೋಜನೆ ಮಾಡುವವರಿಗೆ ದಾರಿ ಸುಲಭ. ಕುಡಿಯುವ ಮೊದಲೇ ಮಗುವಿಗೆ ಹೊಟ್ಟೆ ತುಂಬ ಹಾಲು ಕೊಡಿ. ಅದಕ್ಕೂ ಮೊದಲೇ ಒಂದು ಸಲಕ್ಕಾಗುವಷ್ಟು ಹಿಂಡಿ ಫ್ರಿಜ್‌ನಲ್ಲಿಡಿ. ಹೊರಗೆ ಆದರೆ ತಂಪು ಜಾಗದಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಕೆಡುವುದಿಲ್ಲ. ನಮ್ಮ ಏಪ್ರಿಲ್ ಮೇ ಸೆಕೆಯಲ್ಲಿ ಹೊರಗಿಡುವ ಮಾತೇ ಬೇಡ. ಬೇಕಾದಾಗ ಬಿಸಿನೀರಿನಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿ, ಒಳಲೆಯಲ್ಲೋ ಚಮಚದಲ್ಲೋ ಕೊಟ್ಟರಾಯಿತು. ಒಲೆಯ ಮೇಲೆ ಕುದಿಸಬೇಡಿ.

ಏನೂ ತಯಾರಿ ಇಲ್ಲದೆ ಒಂದು ಗ್ಲಾಸ್ ಕುಡಿದು, ಗಂಟೆಯಾಗುವಷ್ಟರಲ್ಲಿ ನಾಲ್ಕೈದು ತಿಂಗಳ ಆರೋಗ್ಯವಂತ ಮಗು ಹಸಿದು ಕಿರುಚಿದರೆ? ಆದಷ್ಟು ಎತ್ತಿ ಓಡಾಡಿಸಿ, ಕಾಯಿರಿ. ಆಗಲೇ ಇಲ್ಲ ಅಂದರೆ ಕೊಟ್ಟುಬಿಡಿ. ಆ ಮೂರು ಹನಿಯ ಲೆಕ್ಕ ನೆನಪಿದೆಯಲ್ಲ. ಮೂರು ನಾಲ್ಕು ಪೆಗ್ ಆಗಿದ್ದರೆ ಈ ರಿಯಾಯಿತಿ ಇಲ್ಲ. ಮಗು ಎಂದಿನ ಹಾಗೆ ಎದ್ದು ಕುಡಿಯದೆ ಜೋತುಬಿದ್ದ ಹಾಗಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಮರ್ಯಾದೆ ಬದಿಗಿಟ್ಟು ಆಸ್ಪತ್ರೆಗೆ ಓಡಬೇಕು, ಎಷ್ಟು ಕುಡಿದದ್ದು ಅಂತ ಡಾಕ್ಟರಿಗೆ ನಿಜ ಹೇಳಬೇಕು.

ಕುಡಿಯದೆ ಇರಲಾಗದ ತಾಯಂದಿರೂ ಇದ್ದಾರೆ. ಅವರ ವಿಷಯ ಗಂಟೆಯ ಲೆಕ್ಕಕ್ಕೆ ಸಿಗುವುದಿಲ್ಲ. ಬೈದು ಒಂದೇ ದಿನದಲ್ಲಿ ಬಿಡಿಸಲು ಹೋದರೆ ಕೈಕಾಲು ನಡುಕ, ಫಿಟ್ಸ್ ಬಂದು ಪ್ರಾಣಕ್ಕೇ ಸಂಚಕಾರ. ಬಿಡಿಸುವ ಕೆಲಸ ವೈದ್ಯರ ಕಣ್ಣೆದುರಿಗೇ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ವಿಭಾಗ ಇದೆ. ಹೆರಿಗೆಯ ನಂತರದ ಮಾನಸಿಕ ತೊಂದರೆಗೆ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ದಾಖಲು ಮಾಡಿಕೊಳ್ಳುವ ಘಟಕವೂ 2009ರಿಂದ ಇದೆ. ಬಾಣಂತಿ ಗುಟ್ಟಾಗಿ ಕುಡಿಯತೊಡಗಿದರೆ ಅದರ ಹಿಂದೆ ಎಷ್ಟೋ ಸಲ ನಿದ್ದೆಗೇಡು, ಖಿನ್ನತೆ ಇರುತ್ತದೆ. ಫೋನಿನಲ್ಲಿ ಮಾತಾಡಲು ಸರ್ಕಾರದ ಟೆಲಿ ಮಾನಸ್ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ತಂಗಿಯ ಫ್ರಿಜ್‌ನಲ್ಲಿ ಸಾಯಂಕಾಲ ಹಿಂಡಿಟ್ಟ ತೊಂಬತ್ತು ಮಿ.ಲೀ. ಹಾಲಿತ್ತು. ಮುಂದಿನ ತಿಂಗಳು ಆಫೀಸಿಗೆ ಹೋಗಬೇಕಲ್ಲ ಅಂತ ಅಭ್ಯಾಸ ಶುರು ಮಾಡಿದ್ದಳಂತೆ. ಹನ್ನೊಂದಕ್ಕೆ ಪಾಪು ಎದ್ದಾಗ ಅದನ್ನೇ ಕೊಡು ಅಂದೆ. ಒಂಬತ್ತೂವರೆಗೆ ವೈನ್ ಮುಗಿದಿದೆ, ಹನ್ನೆರಡರ ಮೇಲೆ ಎದೆಗೆ ಹಾಕಿಕೋ, ಆಮೇಲೆ ತೊಟ್ಟಿಲಿಗೆ ಹಾಕು ಅಂದೆ. ಯಜಮಾನರ ವಿಷಯ ಅವಳೇ ನೋಡಿಕೊಳ್ಳುತ್ತೇನೆ ಅಂದಳು.

ಹನ್ನೆರಡೂ ಮುಕ್ಕಾಲಿಗೆ ವಾಟ್ಸಾಪ್ ಬಂತು. "ಪಾಪು ಕುಡಿದು ಮಲಗಿತು. ಇವರೂ ಕುಡಿದು ಮಲಗಿದ್ದಾರೆ, ಹಾಲ್‌ನಲ್ಲಿ."